ಯಾವ ಹುಳ ಅದು?

ಧಾರವಾಡದಲ್ಲಿ ನಾವು ಇದ್ದದ್ದು ಬಾಡಿಗೆ ಮನೆ. ಹಿತ್ತಲಿನಲ್ಲಿ ತುಳಸಿಕಟ್ಟೆ ಕಟ್ಟಲು ಮಾಲಕರು ಒಪ್ಪಲಿಲ್ಲ. ಅವ್ವ ಅದಕ್ಕೆ ಬೇಸರಪಡಲಿಲ್ಲ. ಸಂತೆಯಿಂದ ದೊಡ್ಡದೊಂದು ಮಣ್ಣಿನ ಕುಂಡ ತರಿಸಿ, ಹೊರಮೈಗೆ ಕೆಮ್ಮಣ್ಣು ಬಳಿದು, ಸುಣ್ಣದ ಗೆರೆ ಎಳೆದು, ಅದರಲ್ಲಿ ತುಳಸಿ ಹಚ್ಚಿದಳು. ಕಾರ್ತೀಕದಲ್ಲಿ ಆ ಕುಂಡಕ್ಕೇ ಕಬ್ಬು ಕಟ್ಟಿ ತುಳಸಿಲಗ್ನ ಮಾಡುತ್ತಿದ್ದೆವು. ದಿನವೂ ಬೆಳಿಗ್ಗೆ ಪೂಜೆಯ ಹೊತ್ತಿಗೆ ಅದರ ನಾಲ್ಕು ಎಲೆ ತೀರ್ಥದ ಬಟ್ಟಲಿಗೆ ಬೀಳುತ್ತಿದ್ದವು. ಅಲ್ಲಿಂದ ನಮ್ಮೆಲ್ಲರ ಬಾಯಿಗೆ.

1974ರ ಮಳೆಗಾಲವೆಂದು ನೆನಪು. ನಾನಾಗ ಆರನೆಯ ಇಯತ್ತೆಯಲ್ಲಿದ್ದೆ. ಎಂಟು ದಿನ ಬಿಡದೆ ಹಿಡಿದ ಜಡಿಮಳೆ ನಿಂತ ಸಂಜೆ ಅವ್ವ ದೀಪ ಹಚ್ಚಲು ಹೋದವಳು, "ತುಳಸಿಗೆ ಹುಳ ಆಗ್ಯಾವ" ಎಂದು ಕೂಗಿದಳು. ಮಗ್ಗುಲು ಮನೆಯ ಕಾಕು ಕಾಂಪೌಂಡಿನ ಆಚೆಯಿಂದಲೇ ಉಪಾಯ ಹೇಳಿದರು. ಅವರ ಮನೆಯಲ್ಲಿ ಇರುವೆಗೆಂದು ತಂದಿಟ್ಟ ಗ್ಯಾಮಾಕ್ಸಿನ್ ಪುಡಿ ಇತ್ತು. ಕಾಗದದಲ್ಲಿ ಕಟ್ಟಿ ಕೊಟ್ಟರು. ಹಳೆಯ ಗೋಣಿಚೀಲದಂಥ ಮುಗ್ಗಲು ವಾಸನೆ ಅದಕ್ಕೆ. ಒಳಗಿನಿಂದ ಅಜ್ಜಿ ಕೇಳಿದಳು: "ಯಾವ ಹುಳ ಅವು?"

"ಹುಳ ಅಂದ್ರ ಹುಳ, ಅತ್ಯಾ. ಅದರಾಗ ಜಾತಿ ನೋಡ್ತಾರೇನ್ರಿ?" ಎಂದು ಅವ್ವ ನಕ್ಕು, ತುಳಸಿಯ ಬುಡಕ್ಕೆ ಪುಡಿ ಉದುರಿಸಿದಳು.

ಮರುದಿನ ಬೆಳಿಗ್ಗೆ ಕುಂಡದ ಅಂಚಿನ ಮೇಲೂ ಕೆಳಗಿನ ಕಲ್ಲಿನ ಮೇಲೂ ಹತ್ತು ಹನ್ನೆರಡು ನೀಳ ಕೆಂಪು ಹುಳುಗಳು ಸತ್ತು ಬಿದ್ದಿದ್ದವು. ಅಜ್ಜಿ ಕೋಲೂರಿಕೊಂಡು ಬಂದು ನೋಡಿ, "ಇವು ಎರಿಹುಳ. ಮಳಿಗೆ ಮ್ಯಾಲೆ ಬಂದಿದ್ವು, ತಾವs ತಿರುಗಿ ಹೋಗ್ತಿದ್ವು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವ್ವ ಮಾತಾಡಲಿಲ್ಲ. ಆ ದಿನದ ತೀರ್ಥಕ್ಕೂ ಅದೇ ತುಳಸಿಯ ಎಲೆ ಬಿತ್ತು. ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಅನ್ನಿಸಿದ್ದು ಎಷ್ಟೋ ವರ್ಷಗಳ ಮೇಲೆ, ನಾನೂ ಒಬ್ಬ ತಾಯಿಯಾದ ನಂತರ. ಆ ಪುಡಿ ಎಲ್ಲಿಂದ ಹೊರಟು ನಮ್ಮ ತುಳಸಿಯ ಬುಡಕ್ಕೆ ಬಂತು ಎಂದು ಹುಡುಕಹೊರಟರೆ, ಅದಕ್ಕೊಂದು ದೊಡ್ಡ ಇತಿಹಾಸವೇ ಇತ್ತು.

ಗಿಡದ ರೋಗಕ್ಕೆ ಮದ್ದು ಹುಡುಕುವುದು ನಮ್ಮಲ್ಲಿ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟಿದ್ದಾನೆ. ಅವನ ಚಿಕಿತ್ಸೆಯ ಕ್ರಮ ನೋಡಿ: ಮೊದಲು ಕೆಟ್ಟ ಭಾಗವನ್ನು ಶಸ್ತ್ರದಿಂದ ಕತ್ತರಿಸಿ ಶುದ್ಧ ಮಾಡಬೇಕು, ಆಮೇಲೆ ವಾಯುವಿಳಂಗ, ತುಪ್ಪ, ಕೆಸರು ಕಲಸಿ ಲೇಪಿಸಬೇಕು, ಹಾಲು ಬೆರೆಸಿದ ನೀರು ಹಾಕಬೇಕು. ಮದ್ದಿಗಿಂತ ಮೊದಲು ಕೈಯಲ್ಲಿ ಹಿಡಿದು ನೋಡುವ ಕೆಲಸ. ನಮ್ಮ ಕನ್ನಡದಲ್ಲಿಯೂ 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದವಿದೆ. ಕಲ್ಯಾಣದ ಚಾಲುಕ್ಯರ ಕಾಲದ ಈ ಗ್ರಂಥದಲ್ಲಿ ಬಾವಿ ತೋಡುವುದು, ಅಡಿಗೆ, ಸುಗಂಧದ್ರವ್ಯ, ಗಿಡಮರ ಎಲ್ಲವೂ ಒಟ್ಟಿಗೆ ಬರುತ್ತವೆ. ಅಡಿಗೆಮನೆಯೂ ಹಿತ್ತಲೂ ಒಂದೇ ಸಂಸಾರವೆಂದು ತಿಳಿದ ಕಾಲ ಅದು.

ನಮ್ಮ ಅಜ್ಜಿ ಈ ಗ್ರಂಥಗಳ ಹೆಸರು ಕೇಳಿದವಳಲ್ಲ. ಆದರೆ ಗೊಬ್ಬರ ಕಳಿಯದೆ ಕುಂಡಕ್ಕೆ ಹಾಕಬಾರದೆಂದು ಅವಳಿಗೆ ಗೊತ್ತಿತ್ತು. ಬೇಸಿಗೆಯಲ್ಲಿ ಹಳೆಯ ಮಣ್ಣನ್ನು ಮಾಳಿಗೆಯ ಮೇಲೆ ಹರವಿ ಬಿಸಿಲಿಗೆ ಕಾಯಿಸುತ್ತಿದ್ದಳು. ಮಣ್ಣು ತುಂಬುವಾಗ ಬೇವಿನ ಹಿಂಡಿ ಒಂದು ಹಿಡಿ ಬೆರೆಸುತ್ತಿದ್ದಳು. ಗಿಡ ಬಾಡಿದರೆ ನೀರಿನ ತಂಬಿಗೆ ಎತ್ತುವ ಮೊದಲು ಬೆರಳಿನಿಂದ ಮಣ್ಣು ಕೆದಕಿ ನೋಡುತ್ತಿದ್ದಳು. ಅವಳ "ಯಾವ ಹುಳ ಅವು?" ಎಂಬ ಪ್ರಶ್ನೆ ಮುದುಕಿಯ ಬಡಬಡಿಕೆ ಆಗಿರಲಿಲ್ಲ. ಅದು ಆ ಕಾಲದ ಇಡೀ ವೈದ್ಯದ ಮೊದಲ ಮೆಟ್ಟಿಲು.

ಹಾಗಾದರೆ ಅವ್ವ ಆ ಮೆಟ್ಟಿಲು ಯಾಕೆ ಬಿಟ್ಟಳು? ಅವಳು ದಡ್ಡಿಯಾಗಿರಲಿಲ್ಲ. ಪುಡಿಯ ಮೇಲೆ ಅವಳಿಗಿದ್ದ ನಂಬಿಕೆಗೆ ಕಾರಣವಿತ್ತು. ಅವಳ ತವರು ಹಳಿಯಾಳದ ಕಡೆ. ಚಳಿಜ್ವರದ ಸೀಮೆ. ಅವಳ ಇಬ್ಬರು ತಮ್ಮಂದಿರು ಆ ಜ್ವರಕ್ಕೇ ಹೋದರು. 1947ರ ಸುಮಾರಿಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಅಂದಾಜು 7.5 ಕೋಟಿ ಜನ ಮಲೇರಿಯಾ ಹಿಡಿದು ಮಲಗುತ್ತಿದ್ದರು, 8 ಲಕ್ಷ ಜನ ಸಾಯುತ್ತಿದ್ದರು. ಸ್ವಿಟ್ಜರ್ಲೆಂಡಿನ ಪಾಲ್ ಮ್ಯೂಲರ್ 1939ರಲ್ಲಿ ಡಿ.ಡಿ.ಟಿ.ಗೆ ಕೀಟ ಕೊಲ್ಲುವ ಶಕ್ತಿಯಿದೆಯೆಂದು ಕಂಡುಹಿಡಿದ. 1948ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಧಾರವಾಡ ಮತ್ತು ಕಾರವಾರ ಜಿಲ್ಲೆಗಳಲ್ಲಿಯೇ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ 1946ರ ಹೊತ್ತಿಗೆ ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆಯುವ ಕೆಲಸ ನಡೆಯಿತು. ಅದರ ಯಶಸ್ಸು ದೇಶಕ್ಕೆ ಮಾದರಿಯಾಯಿತು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. 1960ರ ದಶಕದ ನಡುವಿಗೆ ರೋಗಿಗಳ ಸಂಖ್ಯೆ ವರ್ಷಕ್ಕೆ ಸುಮಾರು 1 ಲಕ್ಷಕ್ಕೆ ಇಳಿದಿತ್ತು.

ತಮ್ಮಂದಿರನ್ನು ಕಳೆದುಕೊಂಡ ಹೆಂಗಸು, ಗೋಡೆಗೆ ಬಿಳಿ ನೀರು ಹೊಡೆದ ಮೇಲೆ ಊರಲ್ಲಿ ಕೂಸುಗಳು ಉಳಿದದ್ದನ್ನು ಕಣ್ಣಾರೆ ಕಂಡವಳು, ಬಿಳಿ ಪುಡಿಯನ್ನು ನಂಬದೆ ಇನ್ನೇನು ಮಾಡಿಯಾಳು? ಅದು ಸಾಲದ ನಂಬಿಕೆಯಲ್ಲ, ಕಣ್ಣು ಕಂಡ ನಂಬಿಕೆ. ಜ್ವರದ ಸೊಳ್ಳೆಗೆ ಆದ ಮದ್ದು ಅಡಿಗೆಮನೆಯ ಜಿರಲೆಗೂ ಆಗುತ್ತದೆ, ತುಳಸಿಯ ಹುಳಕ್ಕೂ ಆಗುತ್ತದೆ ಎಂದು ಹಿಗ್ಗಿಸಿಕೊಂಡದ್ದೇ ತಪ್ಪು. ಈ ತಪ್ಪನ್ನು ಅವ್ವನೊಬ್ಬಳೇ ಮಾಡಲಿಲ್ಲ. ದೊಡ್ಡ ದೊಡ್ಡ ದೇಶಗಳೇ ಮಾಡಿದವು.

ಅವ್ವ ಹಾಕಿದ್ದು ಡಿ.ಡಿ.ಟಿ. ಅಲ್ಲ, ಅದರ ದಾಯಾದಿ ಬಿ.ಎಚ್.ಸಿ. ಇದನ್ನು ಮೊದಲು ತಯಾರಿಸಿದವನು ಮೈಕೆಲ್ ಫ್ಯಾರಡೆ, 1825ರಲ್ಲಿ. ಅದು ಕೀಟ ಕೊಲ್ಲುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆ ಗುಣ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ನಮ್ಮ ದೇಶದಲ್ಲಿ 1952ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಇದರ ತಯಾರಿಕೆ ಶುರುವಾಯಿತು. ಅಗ್ಗದ ಪುಡಿ, ಕಿರಾಣಿ ಅಂಗಡಿಯಲ್ಲಿಯೂ ಸಿಗುತ್ತಿತ್ತು. ಈ ಪುಡಿಯಲ್ಲಿ ನಿಜವಾಗಿ ಕೀಟವನ್ನು ಕೊಲ್ಲುವ ಭಾಗ ನೂರಕ್ಕೆ 10ರಿಂದ 15 ಮಾತ್ರ. ಉಳಿದದ್ದು ಮಣ್ಣಿನಲ್ಲಿ ಸುಮ್ಮನೆ ಕುಳಿತುಕೊಳ್ಳುವ ಸರಕು. ನೀರಿಗೆ ಕರಗದು, ಬೇಗ ಕೊಳೆಯದು. ಕೊಬ್ಬಿಗೆ ಮಾತ್ರ ಕರಗುತ್ತದೆ. ಅಂದರೆ ಹಾಲಿಗೆ, ಬೆಣ್ಣೆಗೆ, ನಮ್ಮ ಮೈಗೆ. 1980ರ ದಶಕದಲ್ಲಿ ನಮ್ಮ ದೇಶದ ತಾಯಂದಿರ ಎದೆಹಾಲನ್ನು ಪರೀಕ್ಷೆ ಮಾಡಿದಾಗ ಅದರಲ್ಲಿ ಡಿ.ಡಿ.ಟಿ.ಯೂ ಬಿ.ಎಚ್.ಸಿ.ಯೂ ಕಂಡುಬಂದವು. ಹಿತ್ತಲಿಗೆ ಹೋದ ಪುಡಿ ತೊಟ್ಟಿಲಿಗೆ ತಿರುಗಿ ಬಂದಿತ್ತು.

ಈ ಲೆಕ್ಕವನ್ನು ಜಗತ್ತಿಗೆ ಮೊದಲು ತಿಳಿಯುವಂತೆ ಹೇಳಿದವಳು ಒಬ್ಬ ಹೆಂಗಸು, ಅಮೆರಿಕದ ರೇಚಲ್ ಕಾರ್ಸನ್. ಅದಕ್ಕೆ ಕಾರಣವಾದವಳೂ ಒಬ್ಬ ಹೆಂಗಸೇ. 1958ರಲ್ಲಿ ಓಲ್ಗಾ ಹಕಿನ್ಸ್ ಎಂಬಾಕೆ, ಸೊಳ್ಳೆಗೆಂದು ವಿಮಾನದಿಂದ ಮದ್ದು ಹೊಡೆದ ಮೇಲೆ ತನ್ನ ಮನೆಯ ಆವರಣದಲ್ಲಿ ಹಕ್ಕಿಗಳು ಸತ್ತುಬಿದ್ದ ಸಂಗತಿಯನ್ನು ಬರೆದು ಗೆಳತಿ ಕಾರ್ಸನ್‌ಗೆ ತಿಳಿಸಿದಳು. ಆ ಕಾಗದ ಬೆಳೆದು 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಎಂಬ ಪುಸ್ತಕವಾಯಿತು. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಎರೆಹುಳುವಿನ ಪ್ರಸಂಗ. ಎಲ್ಮ್ ಮರಗಳ ರೋಗಕ್ಕೆಂದು ಡಿ.ಡಿ.ಟಿ. ಹೊಡೆದರು. ಎಲೆ ಉದುರಿದವು. ಎರೆಹುಳು ಆ ಎಲೆ ತಿಂದವು. ಮುಂದಿನ ವಸಂತದಲ್ಲಿ ರಾಬಿನ್ ಹಕ್ಕಿಗಳು ಆ ಹುಳು ತಿಂದು ಸತ್ತವು. ಓದುತ್ತ ಓದುತ್ತ ನಮ್ಮ ಕಲ್ಲಿನ ಮೇಲೆ ಬಿದ್ದಿದ್ದ ಕೆಂಪು ಹುಳುಗಳು ಕಣ್ಣ ಮುಂದೆ ಬಂದವು. ಕಾರ್ಸನ್ ಆ ಪುಸ್ತಕ ಬರೆಯುವಾಗಲೇ ಸ್ತನ ಕ್ಯಾನ್ಸರಿನಿಂದ ಬಳಲುತ್ತಿದ್ದಳು, 1964ರಲ್ಲಿ ತೀರಿಕೊಂಡಳು.

ಎರೆಹುಳುವಿನ ದೊಡ್ಡಸ್ತಿಕೆಯನ್ನು ಅವಳಿಗಿಂತ ಎಷ್ಟೋ ಮೊದಲೇ ಚಾರ್ಲ್ಸ್ ಡಾರ್ವಿನ್ ಹೇಳಿದ್ದ. 1881ರಲ್ಲಿ ಬಂದ ಅವನ ಕೊನೆಯ ಪುಸ್ತಕದ ವಿಷಯವೇ ಎರೆಹುಳು. ಅದಕ್ಕಾಗಿ ಅವನು ತನ್ನ ಓದುವ ಕೋಣೆಯಲ್ಲಿ ಮಣ್ಣು ತುಂಬಿದ ಕುಂಡಗಳಲ್ಲಿ ಹುಳುಗಳನ್ನು ಸಾಕಿದ್ದ. ಅವಕ್ಕೆ ಕಿವಿಯಿದೆಯೇ ಎಂದು ನೋಡಲು ಮಗ ಬಸ್ಸೂನ್ ಎಂಬ ದೊಡ್ಡ ಕೊಳಲು ಊದಿದ, ಹುಳು ಕದಲಲಿಲ್ಲ. ಕುಂಡಗಳನ್ನು ಪಿಯಾನೊ ಮೇಲೆಯೇ ಇಟ್ಟು ನುಡಿಸಿದಾಗ ಮಾತ್ರ ನಡುಕ ತಿಳಿದು ಸರ್ರನೆ ಬಿಲದೊಳಗೆ ಸರಿದವು. ಇಂಥ ಜೀವಕ್ಕೆ ನಾವು ಪುಡಿ ಹಾಕಿದ್ದೆವು.

ಇಷ್ಟೆಲ್ಲ ಓದಿ ಅವ್ವನಿಗಿಂತ ಶಾಣೇ ಆದೆನೆಂದು ನಾನು ತಿಳಿದುಕೊಂಡಿದ್ದೆ. ಆದರೆ ಓದುವುದಕ್ಕೆ ಮೊದಲೇ, 1991ರಲ್ಲಿ, ನಾನು ಮಾಡಿದ್ದನ್ನೂ ಹೇಳಬೇಕು. ಮದುವೆಯಾಗಿ ಹುಬ್ಬಳ್ಳಿಗೆ ಬಂದಿದ್ದೆ. ಗಚ್ಚಿನ ಮೇಲೆ ಗುಲಾಬಿಯ ಕುಂಡಗಳು. ಒಂದೊಂದೇ ಗಿಡ ನೀರಿದ್ದರೂ ಬಾಡಿ, ಹಿಡಿದೆತ್ತಿದರೆ ಬೇರಿಲ್ಲದೆ ಕೈಗೆ ಬರುತ್ತಿತ್ತು. ಗಿಡ ಮಾರುವವನು, "ಇದನ್ನ ಒಂದು ಚಮಚ ಹಾಕ್ರಿ ಅಕ್ಕಾರ" ಎಂದು ಹರಳು ಹರಳಾದ ಮದ್ದೊಂದನ್ನು ಪೊಟ್ಟಣ ಕಟ್ಟಿ ಕೊಟ್ಟ. ಹಾಕಿದೆ. ಮೂರು ದಿನಕ್ಕೆ ಮೂರು ವರ್ಷದ ನನ್ನ ಮಗ ಚಮಚ ಹಿಡಿದು ಅದೇ ಕುಂಡದ ಮಣ್ಣು ಅಗೆಯುತ್ತ ಕುಳಿತಿದ್ದ. ಕೈ ತೊಳೆದೆ, ಬಾಯಿ ತೊಳೆಸಿದೆ, ರಾತ್ರಿಯಿಡೀ ಮಗ್ಗುಲಲ್ಲಿ ಕುಳಿತು ಅವನ ಉಸಿರು ನೋಡಿದೆ. ದೇವರು ದೊಡ್ಡವನು, ಏನೂ ಆಗಲಿಲ್ಲ. ಮರುದಿನ ಹೋಗಿ ಮೂಲ ಪ್ಯಾಕೆಟ್ ತೋರಿಸೆಂದು ಕೇಳಿದೆ. ಫೋರೇಟ್ ಎಂದಿತ್ತು. ಕೆಂಪು ತ್ರಿಕೋನದ ಮೇಲೆ ತಲೆಬುರುಡೆ ಇತ್ತು.

ಆ ತ್ರಿಕೋನದ ಹಿಂದೆಯೂ ಒಂದು ಕಥೆಯಿದೆ. 1958ರಲ್ಲಿ ಕೇರಳದಲ್ಲಿ, ಸಾಗಣೆಯಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸೋಕಿದ ಗೋಧಿಹಿಟ್ಟು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ವಿಚಾರಣೆ ನಡೆಯಿತು. ಹತ್ತು ವರ್ಷಗಳ ಮೇಲೆ, 1968ರಲ್ಲಿ, ಕೀಟನಾಶಕ ಕಾಯ್ದೆ ಬಂತು. 1971ರ ನಿಯಮಗಳಂತೆ ಪ್ರತಿ ಪ್ಯಾಕೆಟ್ಟಿನ ಮೇಲೂ ಬಣ್ಣದ ಗುರುತು ಇರಲೇಬೇಕು: ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಹಸಿರು. ಅಕ್ಷರ ಬಾರದವರಿಗೂ ತಿಳಿಯಲೆಂದು ಮಾಡಿದ ಗುರುತು ಅದು. ಅಕ್ಷರ ಬಲ್ಲ ನಾನು ಪೊಟ್ಟಣದಲ್ಲಿ ಕಟ್ಟಿಸಿಕೊಂಡು ಬಂದಿದ್ದೆ. ಬಿಡಿಯಾಗಿ ಕಟ್ಟಿಕೊಡುವ ಮದ್ದನ್ನು ಅಂದಿನಿಂದ ನಾನು ಮನೆಯೊಳಗೆ ತಂದಿಲ್ಲ. ಬಿ.ಎಚ್.ಸಿ. 1997ರ ಏಪ್ರಿಲ್ 1ರಿಂದ ನಿಷೇಧವಾಯಿತು. ಡಿ.ಡಿ.ಟಿ.ಯನ್ನು ಹೊಲಕ್ಕೆ ಹಾಕುವುದು 1989ರಲ್ಲಿಯೇ ನಿಂತಿತ್ತು. ಫೋರೇಟ್ ನಿಂತದ್ದು 2020ರ ಡಿಸೆಂಬರ್ 31ಕ್ಕೆ. ಯಾರ ಮನೆಯ ಅಟ್ಟದಲ್ಲಾದರೂ ಇವುಗಳ ಹಳೆಯ ಡಬ್ಬಿ ಉಳಿದಿದ್ದರೆ ದಯವಿಟ್ಟು ಕುಂಡದ ಹತ್ತಿರ ತರಬೇಡಿ.

ಅಜ್ಜಿಯ ಬೇವಿನ ಹಿಂಡಿ ಈ ನಡುವೆ ಏನಾಯಿತು? ಅದೂ ಕೋರ್ಟಿನ ಮೆಟ್ಟಿಲು ಹತ್ತಿ ಬಂತು. 1959ರಲ್ಲಿ ಸೂಡಾನಿನಲ್ಲಿ ಮಿಡತೆಗಳ ದಂಡು ಎಲ್ಲ ಹಸಿರನ್ನೂ ತಿಂದು ಬೇವಿನ ಮರವನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಹೈನ್ರಿಕ್ ಶ್ಮುಟ್ಟರರ್ ಕಂಡ. 1962ರಲ್ಲಿ ದೆಹಲಿಯ ಕೃಷಿ ಸಂಶೋಧನ ಸಂಸ್ಥೆಯ ಪ್ರಧಾನ್ ಅವರು ಬೇವಿನ ಬೀಜದ ನೀರು ಸಿಂಪಡಿಸಿದ ಬೆಳೆ ಮಿಡತೆಯಿಂದ ಉಳಿದದ್ದನ್ನು ತೋರಿಸಿದರು. 1968ರಲ್ಲಿ ಅದರ ಸತ್ವವನ್ನು ಬೇರ್ಪಡಿಸಿ ಅಜಾಡಿರಕ್ಟಿನ್ ಎಂದು ಹೆಸರಿಟ್ಟರು. ಹೆಸರು ಬಂದ ಮೇಲೆ ಬೆಲೆ ಬಂತು. ಅಮೆರಿಕದ ಡಬ್ಲ್ಯು. ಆರ್. ಗ್ರೇಸ್ ಕಂಪನಿ ನಮ್ಮ ತುಮಕೂರಿನಲ್ಲಿ ಭಾರತದ ಕಂಪನಿಯೊಂದರ ಜೊತೆಗೂಡಿ ಬೇವಿನ ಬೀಜದ ಕಾರ್ಖಾನೆ ತೆರೆಯಿತು. 1994ರಲ್ಲಿ ಆ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ, ಬೇವಿನೆಣ್ಣೆಯಿಂದ ಗಿಡದ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಯುರೋಪಿನ ಪೇಟೆಂಟ್ ದೊರೆಯಿತು. ಅದನ್ನು ಪ್ರಶ್ನಿಸಿದವರು ಮೂವರು ಹೆಂಗಸರು: ನಮ್ಮ ವಂದನಾ ಶಿವ, ಬೆಲ್ಜಿಯಮ್ಮಿನ ಮಗ್ದಾ ಆಲ್ವೂಟ್, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದ ಪರವಾಗಿ ಲಿಂಡಾ ಬುಲ್ಲಾರ್ಡ್. 2000ದ ಮೇ ತಿಂಗಳಲ್ಲಿ ಮ್ಯೂನಿಕ್ಕಿನಲ್ಲಿ ಆ ಪೇಟೆಂಟ್ ರದ್ದಾಯಿತು. 2005ರ ಮಾರ್ಚಿನಲ್ಲಿ ಮೇಲ್ಮನವಿಯೂ ಬಿತ್ತು. ಸುದ್ದಿ ಓದಿದ ದಿನ ನನಗೆ ಅಜ್ಜಿಯ ಬೇವಿನ ವಾಸನೆಯ ಕೈ ನೆನಪಾಯಿತು.

ಹಾಗೆಂದು ಬೇವು ಎಲ್ಲದಕ್ಕೂ ಮದ್ದೆಂದು ನಾನು ಹೇಳುವುದಿಲ್ಲ. ನನ್ನ ಗುಲಾಬಿಯ ಬೇರು ತಿಂದ ಗೊಣ್ಣೆಹುಳುವಿನ ತಾಯಿ ದುಂಬಿ, ಮೊದಲ ಮಳೆ ಬಿದ್ದ ರಾತ್ರಿ ಬಂದು ಕೂಡುವುದು ಬೇವಿನ ಮರದ ಮೇಲೆಯೇ. ತಿನ್ನುವುದೂ ಬೇವಿನ ಎಲೆಯನ್ನೇ. ಪುಡಿಯ ಜಾಗದಲ್ಲಿ ಬೇವನ್ನು ಕೂಡಿಸಿ ಕಣ್ಣು ಮುಚ್ಚಿದರೆ ಅದೂ ಅವ್ವನ ದಾರಿಯೇ ಆಯಿತು. ಮೊದಲು ಕೇಳಬೇಕಾದದ್ದು ಅಜ್ಜಿಯ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ. ಕುಂಡವನ್ನು ಬೋರಲು ಹಾಕಿ ಮಣ್ಣಿನ ಗಡ್ಡೆಯನ್ನು ವರ್ತಮಾನಪತ್ರಿಕೆಯ ಮೇಲೆ ಬಿಡಿಸಿ ನೋಡಿ. ದಪ್ಪಗೆ, ಬೆಳ್ಳಗೆ, ಕಂದು ತಲೆಯ, ಕುಡುಗೋಲಿನಂತೆ ಬಾಗಿ ಮಲಗಿದ ಹುಳುವಿದ್ದರೆ ಅದು ಗೊಣ್ಣೆಹುಳು. ಕಳಿಯದ ಸೆಗಣಿಗೊಬ್ಬರದ ಜೊತೆ ಬಂದಿರುತ್ತದೆ. ಕೈಯಿಂದ ಆರಿಸಿ ತೆಗೆದರೆ ಮುಗಿಯಿತು. ಒಂದು ಕುಂಡದಲ್ಲಿ ಇದ್ದರೆ ನಾಲ್ಕೈದು ಇದ್ದಾವು. ನೀರು ಹಾಕಿದಾಗ ಮಣ್ಣಿನಿಂದ ಸಣ್ಣ ಕಪ್ಪು ನೊಣಗಳು ಎದ್ದು ಹಾರಿದರೆ, ಅವುಗಳ ಮರಿಗಳು ದಾರದೆಳೆಯಂತೆ ತೆಳ್ಳಗೆ, ಕಪ್ಪು ತಲೆ ಹೊತ್ತು, ಮೇಲ್ಮಣ್ಣಿನಲ್ಲಿರುತ್ತವೆ. ಸಂಶಯವಿದ್ದರೆ ಬಟಾಟೆಯ ಹೋಳೊಂದನ್ನು ಮಣ್ಣಿನ ಮೇಲಿಡಿ. ಎರಡು ಮೂರು ದಿನಕ್ಕೆ ಅದರ ಕೆಳಗೆ ಬಂದು ಸೇರುತ್ತವೆ. ಇವು ಬಂದದ್ದು ನಮ್ಮ ಅತಿಪ್ರೀತಿಯ ನೀರಿನಿಂದ. ಮೇಲಿನ ಒಂದು ಅಂಗುಲ ಮಣ್ಣು ಒಣಗುವವರೆಗೆ ನೀರು ಬಿಡಬೇಡಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಅರ್ಧ ಮದ್ದು ಅದೇ.

ಬೇರಿಗೆ ಹತ್ತಿಯಂತೆ, ಅಕ್ಕಿಹಿಟ್ಟಿನಂತೆ ಬಿಳುಪು ಅಂಟಿ, ಕುಂಡಕ್ಕೆ ಇರುವೆ ಸಾಲು ಹಚ್ಚಿದ್ದರೆ ಅದು ಬೇರಿನ ಹಿಟ್ಟುತಿಗಣೆ. ಇರುವೆ ಬಂದದ್ದು ಅದರ ಸಿಹಿನೀರಿಗೆ. ಬೇರನ್ನು ಪೂರ್ತಿ ತೊಳೆದು, ಹಳೆಯ ಮಣ್ಣು ಚೆಲ್ಲಿ, ತೊಳೆದ ಕುಂಡಕ್ಕೆ ಹೊಸ ಮಣ್ಣಿನಲ್ಲಿ ನೆಡಬೇಕು. ಬೇರಿನಲ್ಲಿ ಗಂಟುಗಂಟಾಗಿದ್ದರೆ ಅದು ಕಣ್ಣಿಗೆ ಕಾಣದ ಜಂತುಹುಳುವಿನ ಕೆಲಸ. ಇಂಗ್ಲೆಂಡಿನ ಬರ್ಕ್ಲಿ ಎಂಬ ಪಾದ್ರಿ 1855ರಲ್ಲಿ ಗಾಜಿನಮನೆಯ ಸೌತೆಬಳ್ಳಿಯ ಬೇರಿನಲ್ಲಿ ಇದನ್ನು ಮೊದಲು ಗುರುತಿಸಿದ. ಗಿಡ ಬಹಳ ಕೆಟ್ಟಿದ್ದರೆ ಮೋಹ ಬಿಡಬೇಕು. ಮಣ್ಣನ್ನು ತುಸು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಏಪ್ರಿಲ್-ಮೇ ಬಿಸಿಲಿನಲ್ಲಿ ನಾಲ್ಕಾರು ವಾರ ಬಿಡಬೇಕು. ಈ ಉಪಾಯವನ್ನು 1976ರಲ್ಲಿ ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು ಶಾಸ್ತ್ರೀಯವಾಗಿ ಪ್ರಕಟಿಸಿದರು; ಪ್ಲಾಸ್ಟಿಕ್ ಒಂದು ಬಿಟ್ಟರೆ ನಮ್ಮ ಅಜ್ಜಿಯ ಮಾಳಿಗೆಯದೇ ಕೆಲಸ. ಆ ಮಣ್ಣಿನಲ್ಲಿ ಒಂದು ಬೆಳೆ ಚೆಂಡುಹೂವು ಹಾಕಿದರೆ ಇನ್ನೂ ಒಳ್ಳೆಯದು. ಅದರ ಬೇರಿನಲ್ಲಿ ಜಂತುಹುಳು ಕೊಲ್ಲುವ ದ್ರವ್ಯವಿದೆಯೆಂದು 1958ರಲ್ಲಿ ಹಾಲೆಂಡಿನ ರಸಾಯನಶಾಸ್ತ್ರಜ್ಞರು ಕಂಡುಕೊಂಡರು. ಇನ್ನು, ನೀಳವಾಗಿ, ಕೆಂಪಗೆ, ತೇವವಾಗಿ, ಮುಟ್ಟಿದರೆ ಸುರುಳಿಯಾಡುವುದು ಕಂಡರೆ ಕೈಮುಗಿದು ತಿರುಗಿ ಮಣ್ಣಿಗೆ ಬಿಡಿ.

ಅವ್ವ ಹೋಗಿ ಈಗ ಹದಿನೈದು ವರ್ಷ. ಕೊನೆಯ ದಿನಗಳಲ್ಲಿ ಒಮ್ಮೆ ಆ ಪುಡಿಯ ಮಾತು ತೆಗೆದೆ. "ನನಗ ಯಾರೂ ಹೇಳಲಿಲ್ಲ ನೋಡವ್ವಾ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಮ್ಮತ್ತಿ ಹೇಳಿದ್ದರು, ನಾ ಕೇಳಲಿಲ್ಲ" ಎಂದಳು.

ಹೋದ ಮಳೆಗಾಲದಲ್ಲಿ ಬೆಂಗಳೂರಿನಿಂದ ಸೊಸೆಯ ಫೋನು ಬಂತು. ಅಂದು ಚಮಚ ಹಿಡಿದು ಮಣ್ಣು ಅಗೆದ ಮಗನ ಹೆಂಡತಿ. ಆರನೆಯ ಮಹಡಿಯ ಬಾಲ್ಕನಿಯಲ್ಲಿ ಅವರದೂ ತುಳಸಿ ಕುಂಡದಲ್ಲೇ.

"ಅತ್ತೆ, ತುಳಸಿಗೆ ಹುಳ ಆಗಿದೆ. ಏನು ತಂದು ಹಾಕಲಿ?"

"ಏನೂ ತರಬ್ಯಾಡ. ಮೊದಲ ಹೇಳು, ಯಾವ ಹುಳ ಅದು?"

ಅವಳು ಪೇಪರು ಹಾಸಿ ಮಣ್ಣು ಬಿಡಿಸಿದಳು. ನಾಲ್ಕು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಎಣಿಸುವುದು ಫೋನಿನಲ್ಲಿ ಕೇಳಿಸುತ್ತಿತ್ತು. ಬಾಗಿದ ಬಿಳಿಯ ಹುಳು ಮೂರು. ಉದ್ದನೆಯ ಕೆಂಪು ಹುಳು ಒಂದು. ಮೂರನ್ನು ಹೊರಗೆ ಹಾಕಿಸಿದೆ, ಒಂದನ್ನು ಮೊಮ್ಮಗಳ ಕೈಯಿಂದಲೇ ಮಣ್ಣಿಗೆ ಬಿಡಿಸಿದೆ. "ಎರಡು ದಿನ ನೆರಳಿನಾಗ ಇಡು. ಈ ವಾರ ತೀರ್ಥಕ್ಕ ಎಲಿ ಹರಿಬ್ಯಾಡ, ಬೇರು ಹಿಡೀಲಿ" ಎಂದು ಹೇಳಿ ಫೋನು ಇಟ್ಟೆ.